ಹವಾಮಾನ ನೀತಿಯ ಲೇಖನಗಳಲ್ಲಿ ಮನವೊಲಿಕೆ: ಎಲ್ಲಿ ನಂಬಬೇಕು, ಎಲ್ಲಿ ನಿಂತು ನೋಡಬೇಕು?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕಿ. ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡಲು, ನೀರನ್ನು ಮೇಲಕ್ಕೆತ್ತಿಟ್ಟು ಬೇಕಾದಾಗ ವಿದ್ಯುತ್ ಪಡೆಯುವ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಬಗ್ಗೆ ಪತ್ರಿಕೆಗಳಲ್ಲಿ ಬಂದ ಪರ ಮತ್ತು ವಿರೋಧದ ಲೇಖನಗಳನ್ನು ಓದಿಸುತ್ತಿದ್ದೇನೆ. ಹವಾಮಾನ ಬದಲಾವಣೆಯನ್ನು ತಡೆಯಲು ಯೋಜನೆ ಬೇಕು ಎಂದು ಒಬ್ಬರು ಬರೆದರೆ, ಹವಾಮಾನ ಬದಲಾವಣೆಯ ಕಾರಣಕ್ಕೇ ಅದು ಬೇಡ ಎಂದು ಇನ್ನೊಬ್ಬರು ಬರೆಯುತ್ತಾರೆ. ಯಾವುದನ್ನು ಓದಿದರೂ ಅದೇ ಸರಿ ಎನ್ನಿಸುತ್ತದೆ. ಭಾವನೆಯನ್ನು ಕಲಕುವ ವಾಕ್ಯಗಳನ್ನೆಲ್ಲ ಬಿಟ್ಟು ಅಂಕಿ ಅಂಶಗಳನ್ನು ಮಾತ್ರ ನಂಬಿ ಎಂದು ಮಕ್ಕಳಿಗೆ ಹೇಳಬಹುದೇ?

ಉತ್ತರ: ಹಾಗೆ ಹೇಳಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಭಾವನೆಯ ವಾಕ್ಯಗಳನ್ನು ತೆಗೆದುಹಾಕಿದರೆ ಲೇಖನ ಸಪ್ಪೆಯಾಗಬಹುದೇ ಹೊರತು ಸತ್ಯಕ್ಕೆ ಹತ್ತಿರವಾಗುತ್ತದೆ ಎನ್ನಲು ಆಧಾರವಿಲ್ಲ. ಹವಾಮಾನ ನೀತಿಯ ಚರ್ಚೆಯಲ್ಲಿ ಓದುಗರನ್ನು ದಾರಿ ತಪ್ಪಿಸುವ ಕೆಲಸವನ್ನು ಕಣ್ಣೀರಿನಷ್ಟೇ ಸಮರ್ಥವಾಗಿ, ಹಲವೊಮ್ಮೆ ಅದಕ್ಕಿಂತ ಹೆಚ್ಚು ಸಮರ್ಥವಾಗಿ, ಅಂಕಿ ಅಂಶಗಳೂ ಮಾಡುತ್ತವೆ. ಅದೂ ಸುಳ್ಳು ಅಂಕಿಗಳಲ್ಲ, ಅಪ್ಪಟ ನಿಜವಾದ ಅಂಕಿಗಳು. ಮಕ್ಕಳು ನೋಡಬೇಕಾದದ್ದು ಲೇಖಕರು ಯಾವ ಬಗೆಯ ಮಾತನ್ನು ಬಳಸಿದ್ದಾರೆ ಎಂಬುದಕ್ಕಿಂತ ಹೆಚ್ಚಾಗಿ, ಆ ಮಾತಿನಿಂದ ನೀತಿಯ ತೀರ್ಮಾನಕ್ಕೆ ಅವರು ಹೇಗೆ ಬಂದರು ಎಂಬುದನ್ನು.

ನೀವು ಕನ್ನಡ ಕಲಿಸುವವರಾದ್ದರಿಂದ, ಪಾಶ್ಚಾತ್ಯ ಅಲಂಕಾರಶಾಸ್ತ್ರದ ವರ್ಗೀಕರಣಕ್ಕಿಂತ ನಮ್ಮ ನ್ಯಾಯದರ್ಶನ, ಅಂದರೆ ಪ್ರಾಚೀನ ಭಾರತೀಯ ತರ್ಕಶಾಸ್ತ್ರ, ಹೇಳುವ ವಾದದ ಐದು ಅವಯವಗಳನ್ನೇ ಇಲ್ಲಿ ಅಳತೆಗೋಲಾಗಿ ಇಟ್ಟುಕೊಳ್ಳುವುದು ಹೆಚ್ಚು ಉಪಯುಕ್ತವೆಂದು ನನಗೆ ತೋರುತ್ತದೆ. ಬೆಟ್ಟದಲ್ಲಿ ಬೆಂಕಿಯಿದೆ ಎನ್ನುವುದು ಪ್ರತಿಜ್ಞೆ. ಹೊಗೆ ಕಾಣುತ್ತಿರುವುದರಿಂದ ಎನ್ನುವುದು ಹೇತು. ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿ ಕಾಣುವಂತೆ ಎನ್ನುವುದು ಉದಾಹರಣೆ. ಈ ಬೆಟ್ಟದಲ್ಲಿರುವುದೂ ಅಂಥದೇ ಹೊಗೆ ಎನ್ನುವುದು ಉಪನಯ. ಆದ್ದರಿಂದ ಇಲ್ಲಿ ಬೆಂಕಿಯಿದೆ ಎನ್ನುವುದು ನಿಗಮನ. ಈ ಐದರಲ್ಲಿ ನಾಲ್ಕನೆಯದು, ಅಂದರೆ ಉಪನಯ, ಮೇಲ್ನೋಟಕ್ಕೆ ಅನಗತ್ಯವಾದ ಪುನರಾವರ್ತನೆಯಂತೆ ಕಾಣುತ್ತದೆ. ಆದರೆ ಕಣ್ಣ ಮುಂದಿರುವುದು ನಿಜಕ್ಕೂ ಹೊಗೆಯೇ, ಮಂಜೇ, ಧೂಳೇ ಎಂದು ಪರೀಕ್ಷಿಸುವ ಜಾಗ ಅದೊಂದೇ. ಹವಾಮಾನ ನೀತಿಯ ಬಗೆಗಿನ ಬಹುಪಾಲು ಅಭಿಪ್ರಾಯ ಲೇಖನಗಳಲ್ಲಿ ಬಿಟ್ಟುಹೋಗುವುದು ಇದೇ ಉಪನಯ. ಹೇತು ಗಟ್ಟಿಯಾಗಿರುತ್ತದೆ, ಉದಾಹರಣೆ ಕಣ್ಣಿಗೆ ಕಟ್ಟುವಂತಿರುತ್ತದೆ, ಅಲ್ಲಿಂದ ಲೇಖಕರು ನೇರವಾಗಿ ನಿಗಮನಕ್ಕೆ ಹಾರುತ್ತಾರೆ. ನಿಮಗೆ ಎರಡೂ ಕಡೆಯವರು ಸರಿ ಎನ್ನಿಸುತ್ತಿರುವುದಕ್ಕೆ ಕಾರಣವೂ ಇದೇ ಇರಬೇಕು: ಇಬ್ಬರ ಹೇತುವೂ ಸರಿಯಾಗಿದೆ.

ಈ ಕೊರತೆ ಹವಾಮಾನದ ವಿಷಯದಲ್ಲೇ ಏಕೆ ಹೆಚ್ಚು ಎಂಬುದಕ್ಕೂ ಕಾರಣವಿದೆ. ಭೂಮಿ ಬಿಸಿಯಾಗುತ್ತಿದೆ, ಅದಕ್ಕೆ ಮನುಷ್ಯರ ಚಟುವಟಿಕೆಗಳೇ ಕಾರಣ ಎಂಬುದರಲ್ಲಿ ಈಗ ಸಂಶಯವಿಲ್ಲ. ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, 2021ರ ಆಗಸ್ಟ್‌ನಲ್ಲಿ ಹೊರತಂದ ವರದಿ ಇದನ್ನು ನಿಸ್ಸಂದಿಗ್ಧವೆಂದೇ ಹೇಳಿತು. 1850–1900ರ ಅವಧಿಗೆ ಹೋಲಿಸಿದರೆ 2011–2020ರ ದಶಕದಲ್ಲಿ ಜಾಗತಿಕ ಸರಾಸರಿ ಉಷ್ಣಾಂಶ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಏರಿತ್ತು. ಇಷ್ಟು ಬಲವಾದ ಆಧಾರ ಕೈಯಲ್ಲಿರುವಾಗ, ಆ ಬಲವನ್ನು ತಾವು ಬಯಸುವ ಯೋಜನೆಗೂ ಕೊಂಚ ಎರವಲು ಪಡೆಯುವ ಆಸೆ ಯಾವ ಲೇಖಕರಿಗಾದರೂ ಹುಟ್ಟುತ್ತದೆ. ಆದರೆ ಅದೇ ಐಪಿಸಿಸಿ ತನ್ನ ವರದಿಗಳು ನೀತಿಗೆ ಪ್ರಸ್ತುತವಾಗಿರಬೇಕೇ ಹೊರತು ಇಂಥದೇ ನೀತಿಯನ್ನು ಮಾಡಿ ಎಂದು ವಿಧಿಸಬಾರದು ಎಂಬ ನಿಯಮವನ್ನು ಪಾಲಿಸಿಕೊಂಡು ಬಂದಿದೆ. ಉಷ್ಣಾಂಶ ಏರುತ್ತಿದೆ ಎಂಬುದನ್ನು ವಿಜ್ಞಾನ ಹೇಳುತ್ತದೆ. ಅದಕ್ಕಾಗಿ ಯಾವ ಕಾಡಿನಲ್ಲಿ ಸುರಂಗ ಕೊರೆಯಬೇಕು, ಯಾರ ಹೊಲದಲ್ಲಿ ಸೌರಫಲಕ ಹಾಸಬೇಕು, ವೆಚ್ಚವನ್ನು ಯಾರು ಹೊರಬೇಕು ಎಂಬುದು ನ್ಯಾಯದ, ಹಣಕಾಸಿನ ಮತ್ತು ರಾಜಕೀಯ ಆಯ್ಕೆಯ ಪ್ರಶ್ನೆ. ವಿಜ್ಞಾನವೇ ಹೇಳಿದೆ ಎಂಬ ಮಾತಿನ ಮರೆಯಲ್ಲಿ ಈ ಎರಡನೆಯ ಪ್ರಶ್ನೆಯನ್ನು ದಾಟಿಸಿಬಿಟ್ಟರೆ, ಆ ಲೇಖನ ಓದುಗರಿಗೆ ಅನ್ಯಾಯ ಮಾಡುತ್ತದೆ.

ಈಗ ನಿಮ್ಮ ಊರಿನ ಯೋಜನೆಯನ್ನೇ ತೆಗೆದುಕೊಳ್ಳೋಣ. ತಳಕಳಲೆ ಜಲಾಶಯವನ್ನು ಮೇಲಿನ ಕೆರೆಯಾಗಿ, ಗೇರುಸೊಪ್ಪೆ ಜಲಾಶಯವನ್ನು ಕೆಳಗಿನ ಕೆರೆಯಾಗಿ ಬಳಸಿ, ವಿದ್ಯುತ್ ಹೆಚ್ಚಾಗಿರುವಾಗ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಅದನ್ನೇ ಕೆಳಕ್ಕೆ ಬಿಟ್ಟು 2000 ಮೆಗಾವಾಟ್‌ವರೆಗೆ ವಿದ್ಯುತ್ ಪಡೆಯುವುದು ಕರ್ನಾಟಕ ವಿದ್ಯುತ್ ನಿಗಮದ ಈ ಯೋಜನೆಯ ತಿರುಳು. ಎರಡು ಜಲಾಶಯಗಳೂ ಈಗಾಗಲೇ ಇವೆ. ಆದರೆ ಸುರಂಗ, ಭೂಗತ ವಿದ್ಯುದಾಗಾರ ಮತ್ತು ರಸ್ತೆಗಳಿಗೆ ಬೇಕಾದ ಜಾಗ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯವನ್ನು ಹಾದುಹೋಗುತ್ತದೆ. ಇದರ ಪರವಾದ ಲೇಖನಗಳಲ್ಲಿ ಸಾಮಾನ್ಯವಾಗಿ ಕಾಣುವ ವಾದಸರಣಿ ಹೀಗಿರುತ್ತದೆ: ಕಲ್ಲಿದ್ದಲು ಸುಡುವುದನ್ನು ನಿಲ್ಲಿಸಲೇಬೇಕು, ಸೂರ್ಯ ಮುಳುಗಿದ ಮೇಲೆ ಸೌರವಿದ್ಯುತ್ ಇರುವುದಿಲ್ಲ, ಆದ್ದರಿಂದ ಶರಾವತಿ ಕಣಿವೆಯಲ್ಲಿ 2000 ಮೆಗಾವಾಟ್ ಹಸಿರು ವಿದ್ಯುತ್ ಉತ್ಪಾದಿಸುವ ಈ ಯೋಜನೆ ಅನಿವಾರ್ಯ. ಮೊದಲ ಎರಡು ಮಾತುಗಳು ನಿಜ. ಮೂರನೆಯದರಲ್ಲಿ ಒಂದು ದೊಡ್ಡ ಜಾರಿಕೆ ಅಡಗಿದೆ. ಪಂಪ್ಡ್ ಸ್ಟೋರೇಜ್ ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ, ಕೂಡಿಡುತ್ತದೆ. ಮೇಲಕ್ಕೆತ್ತಲು ಬಳಸಿದ ವಿದ್ಯುತ್ ಹಸಿರಾಗಿದ್ದರೆ ಮಾತ್ರ ಕೆಳಗೆ ಬರುವ ವಿದ್ಯುತ್ ಹಸಿರು.

ಇದಕ್ಕೆ ವಿರೋಧಿ ಲೇಖನಗಳಲ್ಲಿ ಸಿಗುವ ಉತ್ತರವೂ ನಿಮ್ಮ ಮಕ್ಕಳ ಕಣ್ಣಿಗೆ ಬಿದ್ದಿರುತ್ತದೆ: ಈ ಯೋಜನೆ ಉತ್ಪಾದಿಸುವುದಕ್ಕಿಂತ ಹೆಚ್ಚು ವಿದ್ಯುತ್ತನ್ನು ತಾನೇ ನುಂಗುತ್ತದೆ, ಹೀಗಿರುವಾಗ ಇದೆಂಥ ಹಸಿರು? ಈ ಅಂಕಿಯೂ ನಿಜ. ಇಂಥ ಘಟಕಗಳಲ್ಲಿ 100 ಯೂನಿಟ್ ಖರ್ಚು ಮಾಡಿ ನೀರೆತ್ತಿದರೆ ಮರಳಿ ಸಿಗುವುದು ಸುಮಾರು 75ರಿಂದ 80 ಯೂನಿಟ್. ಆದರೆ ಇದು ಶರಾವತಿಯ ದೋಷವಲ್ಲ. ವಿದ್ಯುತ್ತನ್ನು ಕೂಡಿಡುವ ಯಾವ ವ್ಯವಸ್ಥೆಯಲ್ಲೂ, ಬ್ಯಾಟರಿಯಲ್ಲೂ, ಸ್ವಲ್ಪ ನಷ್ಟವಾಗಿಯೇ ಆಗುತ್ತದೆ. ಹಾಗಾಗಿ ಎರಡೂ ಪಕ್ಷಗಳು ನಿಜವಾದ ಅಂಕಿಯನ್ನೇ ಹೇಳಿ, ಎರಡೂ ನಿರ್ಣಾಯಕ ಪ್ರಶ್ನೆಯನ್ನು ತಪ್ಪಿಸಿಕೊಂಡಿವೆ. ಆ ಪ್ರಶ್ನೆ ಯಾವ ಹೊತ್ತಿನಲ್ಲಿ, ಯಾವ ಮೂಲದ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಲಾಗುತ್ತದೆ ಎಂಬುದು. ಮಧ್ಯಾಹ್ನ ಸೌರ ಪಾರ್ಕ್ ಇರುವ ಪಾವಗಡದಂಥ ಕಡೆ ಬಳಸಲಾಗದೆ ವ್ಯರ್ಥವಾಗಬಹುದಾದ ಸೌರವಿದ್ಯುತ್ತಿನಿಂದ ಎತ್ತಿದರೆ, ಕಳೆದುಹೋಗುವ 20–25 ಯೂನಿಟ್ ದೊಡ್ಡ ನಷ್ಟವೇನಲ್ಲ; ಸಂಜೆ ರಾಯಚೂರಿನ ಇಲ್ಲವೇ ಬಳ್ಳಾರಿಯ ಉಷ್ಣ ಸ್ಥಾವರದಲ್ಲಿ, ಮರಳಿ ಸಿಗುವ ವಿದ್ಯುತ್ತಿನಷ್ಟು ಕಲ್ಲಿದ್ದಲು ಉಳಿಯುತ್ತದೆ. ರಾತ್ರಿ ಉಷ್ಣ ಸ್ಥಾವರಗಳ ವಿದ್ಯುತ್ತಿನಿಂದಲೇ ಎತ್ತಿದರೆ, ಸಂಜೆ ಸಿಗುವ ಪ್ರತಿ ಯೂನಿಟ್ಟಿನ ಹಿಂದೆ ಒಂದೂಕಾಲು ಯೂನಿಟ್ಟಿಗೂ ಹೆಚ್ಚಿನ ಕಲ್ಲಿದ್ದಲು ವಿದ್ಯುತ್ತಿನ ಹೊಗೆ ಇರುತ್ತದೆ. ಒಂದೇ ಯಂತ್ರ ಒಂದು ಸಂದರ್ಭದಲ್ಲಿ ಹವಾಮಾನದ ಮಿತ್ರ, ಇನ್ನೊಂದರಲ್ಲಿ ಶತ್ರು. ಲೇಖನ ಈ ಹಂತಕ್ಕೆ ಇಳಿದು ಮಾತಾಡಿದ್ದರೆ ಅದರಲ್ಲಿ ಉಪನಯ ಇದೆ ಎಂದರ್ಥ.

ಅಲ್ಲಿಗೂ ಮುಗಿಯುವುದಿಲ್ಲ. ಕೂಡಿಡುವ ವ್ಯವಸ್ಥೆ ಬೇಕು ಎಂಬುದರಿಂದ ಅದು ಇಲ್ಲೇ ಬೇಕು ಎಂಬುದು ಹೊರಡುವುದಿಲ್ಲ. ಕಾಡಿಲ್ಲದ ಕಡೆ ಇಂಥದೇ ಯೋಜನೆ ಮಾಡಲಾಗದೇ, ಈಚಿನ ವರ್ಷಗಳಲ್ಲಿ ಬೆಲೆ ಇಳಿಯುತ್ತಾ ಬಂದಿರುವ ಬ್ಯಾಟರಿಗಳಿಂದ ಎಷ್ಟು ಭಾಗ ಸಾಧ್ಯ ಎಂಬುದನ್ನು ಯೋಜನೆಯ ಪರ ಬರೆಯುವವರು ಎದುರಿಸಲೇಬೇಕು. ಇತ್ತ ವಿರೋಧಿಸುವವರು ಸೂರ್ಯಾಸ್ತದ ನಂತರದ ಬೇಡಿಕೆಯನ್ನು ಯಾವುದರಿಂದ ತುಂಬಿಸುತ್ತೀರಿ ಎಂಬುದಕ್ಕೆ ಉತ್ತರ ಕೊಡಬೇಕು. ಉತ್ತರಿಸದೆ ಬಿಟ್ಟರೆ ಆ ಬೇಡಿಕೆ ಕಲ್ಲಿದ್ದಲಿನ ಪಾಲಾಗುತ್ತದೆ, ಮತ್ತು ಅದರ ಬೂದಿ ಬೀಳುವುದು ಇನ್ನಾರದೋ ಊರಿನ ಮೇಲೆ.

ಭಾವನೆಯ ಮಾತಿಗೆ ಬರುತ್ತೇನೆ. ನಿಮ್ಮ ತಾಲ್ಲೂಕಿನಲ್ಲಿ ಲಿಂಗನಮಕ್ಕಿಯ ಹೆಸರೆತ್ತದೆ ಶರಾವತಿಯ ಬಗ್ಗೆ ಬರೆಯಲು ಯಾರಿಗೂ ಆಗುವುದಿಲ್ಲ, ಬರೆಯಲೂಬಾರದು. 1964ರಲ್ಲಿ ಆ ಅಣೆಕಟ್ಟು ಪೂರ್ಣಗೊಂಡಾಗ ಊರುಗಳು, ಗದ್ದೆ ತೋಟಗಳು, ದೇವಸ್ಥಾನಗಳು ನೀರಿನಡಿ ಸೇರಿದವು. ನಾಡಿಗೆ ಬೆಳಕು ಕೊಟ್ಟವರು ತಾವು ಕತ್ತಲೆಯಲ್ಲಿ ಉಳಿದರು ಎಂಬ ಮಾತು ಮಲೆನಾಡಿನಲ್ಲಿ ಸವೆದ ನುಡಿಗಟ್ಟಾಗಿರಬಹುದು. ಮುಳುಗಡೆ ಸಂತ್ರಸ್ತರ ಜಮೀನಿನ ಹಕ್ಕುಪತ್ರದ ಸಮಸ್ಯೆ ಮೂರನೆಯ ತಲೆಮಾರಿನವರೆಗೂ ಮುಂದುವರಿದಿರುವಾಗ ಅದನ್ನು ಬರೀ ಅಲಂಕಾರವೆಂದು ತಳ್ಳಿಹಾಕುವ ಅಧಿಕಾರ ಯಾರಿಗೂ ಇಲ್ಲ. ಇಂಥ ನೋವನ್ನು ನೆನಪಿಸುವ ವಾಕ್ಯವನ್ನು ಭಾವುಕತೆ ಎಂದು ಕತ್ತರಿಸಿದರೆ, ನೀತಿಯ ಚರ್ಚೆಯಿಂದ ಒಂದು ಮುಖ್ಯ ಸಾಕ್ಷ್ಯವನ್ನೇ ಕತ್ತರಿಸಿದಂತಾಗುತ್ತದೆ.

ಆದರೆ ಆ ಸಾಕ್ಷ್ಯ ಏನನ್ನು ಸಾಧಿಸುತ್ತದೆ ಎಂಬುದನ್ನು ಎಚ್ಚರದಿಂದ ಬಿಡಿಸಬೇಕು. ಲಿಂಗನಮಕ್ಕಿಯಲ್ಲಿ ಮುಳುಗಿದಂತೆ ಇಲ್ಲೂ ಊರುಗಳು ಮುಳುಗುತ್ತವೆ ಎಂದು ಲೇಖಕರು ಸೂಚಿಸಿದರೆ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ, ಏಕೆಂದರೆ ಈ ಯೋಜನೆ ಇರುವ ಜಲಾಶಯಗಳನ್ನೇ ನೆಚ್ಚಿಕೊಂಡಿದೆ. ಅದರ ಬದಲು, ದೊಡ್ಡ ಯೋಜನೆಯ ಹೊತ್ತಿನಲ್ಲಿ ಸ್ಥಳೀಯರಿಗೆ ಕೊಟ್ಟ ಮಾತು ಕಾಗದದಲ್ಲಿ ಉಳಿದ ಅನುಭವ ಈ ಕಣಿವೆಗೆ ಇದೆ, ಆದ್ದರಿಂದ ಈಗಿನ ಪರಿಹಾರ ಅರಣ್ಯೀಕರಣ (ಕಡಿದ ಕಾಡಿಗೆ ಬದಲಾಗಿ ಮರ ಬೆಳೆಸುವುದು), ಉದ್ಯೋಗ, ಸಂಪರ್ಕ ರಸ್ತೆಯ ಭರವಸೆಗಳಿಗೆ ಕಾಲಮಿತಿ ಮತ್ತು ಕಾನೂನಿನ ಬಲ ಬೇಕು ಎಂದು ಬರೆದರೆ, ಉದಾಹರಣೆ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತದೆ. ಎರಡೂ ಲೇಖನಗಳಲ್ಲಿ ಅದೇ ಮುಳುಗಡೆ, ಅದೇ ಕಣ್ಣೀರು. ಒಂದರಲ್ಲಿ ಅದು ವಾದದ ಜಾಗವನ್ನು ಆಕ್ರಮಿಸಿದೆ, ಇನ್ನೊಂದರಲ್ಲಿ ವಾದವನ್ನು ಹೊತ್ತು ನಡೆಸಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ವಿರೋಧದ ಅತ್ಯಂತ ಬಲವಾದ ನೆಲೆ ಇರುವುದು ಈ ಎರಡನೆಯ ಬಗೆಯಲ್ಲೇ, ಮತ್ತು ಅದನ್ನು ಬಹಳ ಕಡಿಮೆ ಜನ ಬರೆಯುತ್ತಾರೆ ಎಂಬುದು ನನಗೆ ಬೇಸರದ ಸಂಗತಿ.

ಭಯವನ್ನು ಬಳಸುವುದೂ ತಪ್ಪಲ್ಲ ಎಂಬುದಕ್ಕೆ ಅಹಮದಾಬಾದಿನ ಪ್ರಸಂಗ ಒಳ್ಳೆಯ ನಿದರ್ಶನ. 2010ರ ಮೇ ತಿಂಗಳಲ್ಲಿ ಅಲ್ಲಿ ಬೀಸಿದ ಬಿಸಿಗಾಳಿಗೆ, ಸಾಮಾನ್ಯ ವರ್ಷಗಳ ಮೇ ತಿಂಗಳಿಗೆ ಹೋಲಿಸಿದರೆ 1,344 ಹೆಚ್ಚುವರಿ ಸಾವುಗಳು ಸಂಭವಿಸಿದವು ಎಂದು ನಂತರದ ಅಧ್ಯಯನ ಲೆಕ್ಕ ಹಾಕಿತು. ಈ ಭಯಾನಕ ಸಂಖ್ಯೆಯನ್ನು ಮುಂದಿಟ್ಟುಕೊಂಡು ಭೂಮಿಯ ಅಂತ್ಯ ಹತ್ತಿರವಾಯಿತು ಎಂದು ಬರೆಯಬಹುದಿತ್ತು. ಅಲ್ಲಿ ನಡೆದದ್ದು ಬೇರೆ. ನಗರಪಾಲಿಕೆ 2013ರಲ್ಲಿ ಬಿಸಿಗಾಳಿ ಕ್ರಿಯಾ ಯೋಜನೆಯನ್ನು ಜಾರಿಗೆ ತಂದಿತು. ಮುನ್ನೆಚ್ಚರಿಕೆ ನೀಡುವುದು, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ ಕೊಡುವುದು, ಬಿಸಿಲಲ್ಲಿ ದುಡಿಯುವವರಿಗೆ ನೀರು ಮತ್ತು ನೆರಳಿನ ಏರ್ಪಾಟು ಮಾಡುವುದು ಅದರಲ್ಲಿ ಸೇರಿದ್ದವು. ಸಾವಿನ ಭಯ ಇಲ್ಲಿ ನೇರವಾಗಿ ಸಾವನ್ನು ತಡೆಯುವ ಕ್ರಮಕ್ಕೆ ಜೋಡಣೆಯಾಯಿತು. ಭಯ ಹುಟ್ಟಿಸುವ ವಾಕ್ಯ ಕಂಡಾಗ ಮಕ್ಕಳು ಕೇಳಬೇಕಾದ ಪ್ರಶ್ನೆ ಇಷ್ಟೇ: ಲೇಖಕರು ಸೂಚಿಸುವ ನೀತಿ ಜಾರಿಯಾದರೆ, ಅವರು ವರ್ಣಿಸಿದ ಈ ಆಪತ್ತೇ ಕಡಿಮೆಯಾಗುತ್ತದೆಯೇ?

ಈ ಪ್ರಶ್ನೆಯನ್ನು ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು 2024ರ ಮಳೆಗಾಲ ತೋರಿಸಿತು. ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಜುಲೈ 30ರಂದು ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಕೊಚ್ಚಿಹೋಗಿ 200ಕ್ಕೂ ಹೆಚ್ಚು ಜನ ಸತ್ತರು. ವಯನಾಡಿನ ಮಳೆಯ ಬಗ್ಗೆ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ಗುಂಪು, ಹವಾಮಾನ ಬದಲಾವಣೆಯಿಂದಾಗಿ ಅಂದಿನ ಮಳೆಯ ಪ್ರಮಾಣ ಸುಮಾರು ಶೇ 10ರಷ್ಟು ಹೆಚ್ಚಿತ್ತು ಎಂದು ಅಂದಾಜು ಮಾಡಿತು. ಇದು ಗಂಭೀರವಾದ ಸಂಗತಿ. ಆದರೆ ಮಳೆಯ ಹೆಚ್ಚಳಕ್ಕೆ ಕಾರಣ ತಿಳಿದಾಕ್ಷಣ ಕುಸಿತದ ಕಾರಣವೆಲ್ಲ ತಿಳಿದಂತಲ್ಲ. ಶಿರೂರಿನಲ್ಲಿ ಹೆದ್ದಾರಿ ಅಗಲ ಮಾಡಲು ಗುಡ್ಡದ ಬುಡವನ್ನು ಕಡಿದಾಗಿ ಕಡಿದಿದ್ದರು ಎಂಬ ಆಕ್ಷೇಪ ಆಗ ವ್ಯಾಪಕವಾಗಿ ಕೇಳಿಬಂತು. ಅಂಥ ಸಂದರ್ಭದಲ್ಲಿ ಎಲ್ಲವೂ ಹವಾಮಾನ ಬದಲಾವಣೆಯ ಫಲ ಎಂದು ಬರೆಯುವ ಲೇಖನ, ಲೇಖಕರಿಗೆ ಪರಿಸರದ ಬಗ್ಗೆ ಎಷ್ಟೇ ಕಳಕಳಿಯಿದ್ದರೂ, ಗುತ್ತಿಗೆದಾರರನ್ನೂ ಅನುಮತಿ ಕೊಟ್ಟವರನ್ನೂ ಕಟಕಟೆಯಿಂದ ಇಳಿಸಿಬಿಡುತ್ತದೆ. ಆಕಾಶದ ಮೇಲೆ ಮೊಕದ್ದಮೆ ಹೂಡಲು ಆಗುವುದಿಲ್ಲ.

ಅಂಕಿ ಅಂಶಗಳ ವಿಷಯದಲ್ಲಿ ನಿಮ್ಮ ಮಕ್ಕಳಿಗೆ ಒಂದು ಅಭ್ಯಾಸವನ್ನು ಖಂಡಿತ ಮಾಡಿಸಿ. ಭಾರತದ ಇಂಗಾಲದ ಹೊರಸೂಸುವಿಕೆ ಹೆಚ್ಚೋ ಕಡಿಮೆಯೋ ಎಂಬ ಸರಳ ಪ್ರಶ್ನೆಗೆ ನಾಲ್ಕು ಸರಿಯಾದ ಉತ್ತರಗಳಿವೆ. ವಾರ್ಷಿಕ ಒಟ್ಟು ಪ್ರಮಾಣ ನೋಡಿದರೆ ಚೀನಾ ಮತ್ತು ಅಮೆರಿಕದ ನಂತರ ಭಾರತಕ್ಕೆ ಮೂರನೆಯ ಸ್ಥಾನ. ತಲಾ ಲೆಕ್ಕದಲ್ಲಿ ನಾವು ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್‌ನವರು, ಅಮೆರಿಕದವರು ಸುಮಾರು 14 ಟನ್ ಆಸುಪಾಸಿನವರು. ಕೈಗಾರಿಕಾ ಯುಗದ ಆರಂಭದಿಂದ ಕೂಡಿಬಂದ ಮೊತ್ತ ನೋಡಿದರೆ ಅಮೆರಿಕದ ಪಾಲು ನಾಲ್ಕನೆಯ ಒಂದು ಭಾಗದ ಹತ್ತಿರ, ನಮ್ಮದು ಅತ್ಯಲ್ಪ. ರಾಷ್ಟ್ರೀಯ ಉತ್ಪನ್ನದ ಪ್ರತಿ ರೂಪಾಯಿಗೆ ಎಷ್ಟು ಹೊಗೆ ಎಂದು ಲೆಕ್ಕ ಹಾಕಿದರೆ 2005ರಿಂದ ನಮ್ಮದು ಇಳಿಯುತ್ತಾ ಬಂದಿದೆ, ಆದರೆ ಅದೇ ಅವಧಿಯಲ್ಲಿ ಒಟ್ಟು ಹೊರಸೂಸುವಿಕೆ ಏರಿದೆ. ಯಾವ ಲೇಖನ ಯಾವ ಅಳತೆಯನ್ನು ಎತ್ತಿಕೊಂಡಿದೆ ಎಂಬುದನ್ನು ನೋಡಿದರೆ ಸಾಕು, ಅದರ ನಿಗಮನವನ್ನು ಓದುವ ಮೊದಲೇ ಊಹಿಸಬಹುದು. ಇಂಥದೇ ಇನ್ನೊಂದು ಜೋಡಿ: 2025ರ ಮಧ್ಯದ ಹೊತ್ತಿಗೆ ದೇಶದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಅರ್ಧದಷ್ಟು ಪಳೆಯುಳಿಕೆಯೇತರ, ಅಂದರೆ ಕಲ್ಲಿದ್ದಲು, ತೈಲ, ಅನಿಲವಲ್ಲದ ಮೂಲಗಳದ್ದಾಯಿತು ಎಂಬುದು ನಿಜ, ನಿಜವಾಗಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಶೇ 70ರ ಆಸುಪಾಸು ಕಲ್ಲಿದ್ದಲಿನದು ಎಂಬುದೂ ನಿಜ. ಮೊದಲನೆಯದನ್ನು ಮಾತ್ರ ಹೇಳಿ ಹೆಮ್ಮೆ ಹುಟ್ಟಿಸಬಹುದು, ಎರಡನೆಯದನ್ನು ಮಾತ್ರ ಹೇಳಿ ಹತಾಶೆ ಹುಟ್ಟಿಸಬಹುದು. ಅಂಕಿಗಳೂ ಭಾವನೆಯನ್ನು ಕಲಕುತ್ತವೆ ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ತಲಾ ಲೆಕ್ಕದ ವಾದದ ಇತಿಹಾಸವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅಭಿಪ್ರಾಯದ ಬರಹವೊಂದು ಜಗತ್ತಿನ ನೀತಿಯ ಚರ್ಚೆಯನ್ನೇ ತಿರುಗಿಸಿದ ಅಪರೂಪದ ಪ್ರಸಂಗ ಅದು. ಅಮೆರಿಕದ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ತನ್ನ ವರದಿಯಲ್ಲಿ ಭಾರತ, ಚೀನಾ, ಬ್ರೆಜಿಲ್‌ಗಳನ್ನು ಮುಂಚೂಣಿಯ ಮಾಲಿನ್ಯಕಾರರ ಸಾಲಿನಲ್ಲಿ ನಿಲ್ಲಿಸಿದಾಗ, ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಒಂದು ಕಿರುಹೊತ್ತಿಗೆ ಬರೆದು ಅದನ್ನು ಪರಿಸರದ ಹೆಸರಿನ ವಸಾಹತುಶಾಹಿ ಎಂದು ಕರೆದರು. ಬಡ ರೈತನ ಗದ್ದೆಯಿಂದಲೋ ಎಮ್ಮೆಯಿಂದಲೋ ಹೊಮ್ಮುವ ಮೀಥೇನನ್ನು ಶ್ರೀಮಂತ ದೇಶದ ಕಾರಿನ ಹೊಗೆಯ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ ಎಂದು ಕೇಳಿದರು. ಆ ಬರಹದಲ್ಲಿ ಸಿಟ್ಟು ತುಂಬಿ ತುಳುಕುತ್ತದೆ. ಆದರೆ ಸಿಟ್ಟಿನ ಹಿಂದೆ ಲೆಕ್ಕವಿತ್ತು: ಭೂಮಿಯ ಸಮುದ್ರ ಮತ್ತು ಕಾಡುಗಳು ಹೀರಬಲ್ಲ ಅನಿಲವನ್ನು ಜನಸಂಖ್ಯೆಗೆ ಅನುಗುಣವಾಗಿ ಹಂಚಿದರೆ ಯಾರ ಪಾಲು ಎಷ್ಟು ಎಂದು ಅವರು ತೋರಿಸಿದರು. ಮರುವರ್ಷ, 1992ರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದಲ್ಲಿ, ಹೊಣೆ ಎಲ್ಲರದೂ ಹೌದು, ಆದರೆ ಸಮನಾದ ಹೊಣೆಯಲ್ಲ ಎಂಬ ತತ್ವ ಸೇರಿತು. ಭಾವನೆಯೂ ಹೇತುವೂ ಒಂದೇ ದಿಕ್ಕಿನಲ್ಲಿ ನಡೆದ ಬರಹಕ್ಕೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಕಂಡಿಲ್ಲ.

ಆದರೆ ಅದೇ ವಾದ ಬೇರೆ ಕೈಗೆ ಹೋದಾಗ ಏನಾಯಿತು ಎಂಬುದನ್ನೂ ಮಕ್ಕಳು ತಿಳಿಯಬೇಕು. ತಲಾ ಸರಾಸರಿಯನ್ನು ದೇಶದ ಗಡಿಯಲ್ಲಿ ನಿಲ್ಲಿಸಿದರೆ, ಹಲವು ಕಾರು ಮತ್ತು ಹವಾನಿಯಂತ್ರಣದ ಮನೆಯವರೂ ಸೌದೆ ಒಲೆಯ ಮನೆಯವರೂ ಒಂದೇ ಸರಾಸರಿಯೊಳಗೆ ಸೇರಿಹೋಗುತ್ತಾರೆ. 2007ರಲ್ಲಿ ಪರಿಸರ ಸಂಘಟನೆ ಗ್ರೀನ್‌ಪೀಸ್ ಇಂಡಿಯಾ ಇದನ್ನೇ ಎತ್ತಿ ಹೇಳಿ, ದೇಶದ ಶ್ರೀಮಂತರು ಬಡವರ ಬೆನ್ನ ಹಿಂದೆ ಅಡಗಿದ್ದಾರೆ ಎಂದು ಆಕ್ಷೇಪಿಸಿತು. ನನ್ನ ಅಭಿಪ್ರಾಯದಲ್ಲಿ ಈ ಆಕ್ಷೇಪ 1991ರ ವಾದವನ್ನು ಹುಸಿ ಮಾಡುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ. ದೇಶ ದೇಶಗಳ ನಡುವೆ ನ್ಯಾಯ ಕೇಳುವ ಲೇಖನ, ಅದೇ ಉಸಿರಿನಲ್ಲಿ ದೇಶದೊಳಗಿನ ನ್ಯಾಯದ ಬಗ್ಗೆ ಮೌನವಾಗಿದ್ದರೆ, ಆ ಮೌನವನ್ನು ಗುರುತಿಸುವುದು ಓದುಗರ ಹಕ್ಕು. ಪಾವಗಡದ ವಿಷಯದಲ್ಲೂ ಹೀಗೆಯೇ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಮಾಡುವಾಗ ರೈತರ ಜಮೀನನ್ನು ಸ್ವಾಧೀನಪಡಿಸಿಕೊಳ್ಳದೆ, ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆಗೆ ಪಡೆದದ್ದು ಮೆಚ್ಚತಕ್ಕ ಕ್ರಮ, ಅದನ್ನು ಮೆಚ್ಚಿ ಬಂದ ಲೇಖನಗಳಲ್ಲಿ ತಪ್ಪೇನಿಲ್ಲ. ಆದರೆ ಗುತ್ತಿಗೆ ಹಣ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರ, ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರ ಪಾಡನ್ನು ಕೇಳದೆ ಅದನ್ನು ಇಡೀ ರಾಜ್ಯಕ್ಕೆ ಉದಾಹರಣೆಯಾಗಿ ನಿಲ್ಲಿಸಿದರೆ, ಉಪನಯ ಮತ್ತೆ ತಪ್ಪಿತು.

ಬರೆದವರು ಯಾರು ಎಂಬುದಕ್ಕೆ ಎಷ್ಟು ಬೆಲೆ ಕೊಡಬೇಕು? ನ್ಯಾಯದರ್ಶನ ಆಪ್ತವಾಕ್ಯವನ್ನು ಪ್ರಮಾಣವೆಂದು ಒಪ್ಪುತ್ತದೆ; ವಿಷಯ ಬಲ್ಲವರು ಮತ್ತು ಬಲ್ಲದ್ದನ್ನು ಬಲ್ಲಂತೆಯೇ ಹೇಳುವವರು ಆಪ್ತರು. ಈ ಎರಡನೆಯ ಲಕ್ಷಣವನ್ನು ನಾವು ಮರೆಯುತ್ತೇವೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಜೆಫ್ರಿ ಸುಪ್ರಾನ್ ಮತ್ತು ನವೋಮಿ ಒರೆಸ್ಕಸ್ 2017ರಲ್ಲಿ ಎಕ್ಸಾನ್‌ಮೊಬಿಲ್ ತೈಲ ಕಂಪನಿಯ ಹಳೆಯ ದಾಖಲೆಗಳನ್ನು ಪರಿಶೀಲಿಸಿದರು. ಕಂಪನಿಯ ಆಂತರಿಕ ದಾಖಲೆಗಳಲ್ಲಿ ಸುಮಾರು ಶೇ 80ರಷ್ಟು, ಭೂಮಿಯ ತಾಪ ಏರುತ್ತಿರುವುದು ನಿಜ ಮತ್ತು ಅದಕ್ಕೆ ಮನುಷ್ಯರೇ ಕಾರಣ ಎಂಬುದನ್ನು ಒಪ್ಪಿದ್ದವು. ಅದೇ ಕಂಪನಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಹಣ ಕೊಟ್ಟು ಸಂಪಾದಕೀಯದ ರೂಪದಲ್ಲಿ ಪ್ರಕಟಿಸಿದ ಬರಹಗಳಲ್ಲಿ ಹಾಗೆ ಒಪ್ಪಿದ್ದು ಶೇ 12 ಮಾತ್ರ. ಶೇ 81 ಬರಹಗಳು ಸಂಶಯ ಬಿತ್ತಿದ್ದವು. ಬಲ್ಲವರೇ, ಬಲ್ಲದ್ದಕ್ಕೆ ವಿರುದ್ಧವಾಗಿ ಜನರಿಗೆ ಹೇಳಿದ್ದರು. ಹಾಗಾಗಿ ಲೇಖನದ ಕೆಳಗೆ ಇಂಧನ ತಜ್ಞರು, ನೀತಿ ಸಲಹೆಗಾರರು ಎಂದಷ್ಟೇ ಇದ್ದರೆ, ಯಾರ ಸಲಹೆಗಾರರು ಎಂದು ವಿಚಾರಿಸುವುದನ್ನು ಮಕ್ಕಳಿಗೆ ಕಲಿಸಿ.

ನಮ್ಮ ಕಡೆಯವರು ಎಂಬ ಕಾರಣಕ್ಕೆ ವಿನಾಯಿತಿ ಕೊಡುವುದೂ ಸಲ್ಲದು. 2007ರ ಐಪಿಸಿಸಿ ವರದಿಯ ಒಂದು ಭಾಗದಲ್ಲಿ, ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೇ ಕಣ್ಮರೆಯಾಗುವ ಸಾಧ್ಯತೆ ಬಹಳವಿದೆ ಎಂಬ ಮಾತು ಸೇರಿಕೊಂಡಿತ್ತು. ಭಾರತದ ಭೂವಿಜ್ಞಾನಿಗಳು ಅದನ್ನು ಪ್ರಶ್ನಿಸಿದರು, 2009ರ ನವೆಂಬರ್‌ನಲ್ಲಿ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಭಿನ್ನ ಅಭಿಪ್ರಾಯದ ಪ್ರಬಂಧವೊಂದನ್ನು ಬಿಡುಗಡೆ ಮಾಡಿದರು, ಅದನ್ನು ಸಮಿತಿಯ ಅಧ್ಯಕ್ಷರಾಗಿದ್ದ ಆರ್. ಕೆ. ಪಚೌರಿ ಲೇವಡಿ ಮಾಡಿದರು. 2010ರ ಜನವರಿಯಲ್ಲಿ ಐಪಿಸಿಸಿಯೇ ಆ ಮಾತಿಗೆ ಸರಿಯಾದ ಆಧಾರವಿರಲಿಲ್ಲ ಎಂದು ಒಪ್ಪಿಕೊಂಡು ವಿಷಾದಿಸಿತು. ಹಿಮನದಿಗಳು ಕರಗುತ್ತಿರುವುದು ಆಗಲೂ ನಿಜವಾಗಿತ್ತು, ಈಗಲೂ ನಿಜ. ಆದರೆ ಒಂದು ಇಸವಿಯ ಆತುರ, ಮುಂದೆ ವರ್ಷಗಟ್ಟಲೆ ಸಂಶಯವಾದಿಗಳ ಲೇಖನಗಳಿಗೆ ಮೊದಲ ಪ್ಯಾರಾ ಒದಗಿಸಿತು. ಅತಿಶಯೋಕ್ತಿ ಕಾವ್ಯಕ್ಕೆ ಅಲಂಕಾರ. ನೀತಿಯ ಲೇಖನದಲ್ಲಿ ಅದು ಎದುರಾಳಿಯ ಕೈಗೆ ಕೊಡುವ ಆಯುಧ.

ವಿಶ್ವ ಪರಿಸರ ದಿನದ ಸುಮಾರಿಗೆ ಬರುವ ಲೇಖನಗಳ ಬಗ್ಗೆಯೂ ಒಂದು ಮಾತು. ಕರಗುವ ಹಿಮ, ಬತ್ತಿದ ಕೆರೆ, ಅಕಾಲಿಕ ಮಳೆಯನ್ನೆಲ್ಲ ವರ್ಣಿಸಿ, ನಾವೆಲ್ಲರೂ ಒಂದೊಂದು ಸಸಿ ನೆಡೋಣ ಎಂದು ಅವು ಮುಗಿಯುತ್ತವೆ. ಸಸಿ ನೆಡುವುದು ಒಳ್ಳೆಯದೇ. ಆದರೆ ಅಲ್ಲಿ ವರ್ಣಿಸಿದ ಆಪತ್ತಿನ ಗಾತ್ರಕ್ಕೂ ಸೂಚಿಸಿದ ಕ್ರಿಯೆಯ ಗಾತ್ರಕ್ಕೂ ಸಂಬಂಧವೇ ಇಲ್ಲ, ಮತ್ತು ವಿದ್ಯುತ್ ದರ, ನಗರ ಸಾರಿಗೆ, ಕಟ್ಟಡ ನಿಯಮ, ಬೆಳೆ ವಿಮೆಯಂಥ ಸರ್ಕಾರ ಉತ್ತರಿಸಬೇಕಾದ ಪ್ರಶ್ನೆಗಳು ಆ ಸಸಿಯ ನೆರಳಿನಲ್ಲಿ ಮಾಯವಾಗುತ್ತವೆ. ಚರ್ಚಾಸ್ಪರ್ಧೆಯಲ್ಲಿ ನಿಮ್ಮ ಮಕ್ಕಳು ಹೀಗೆ ಮುಗಿಸದಂತೆ ದಯವಿಟ್ಟು ನೋಡಿಕೊಳ್ಳಿ.

ಎರಡು ಒಳ್ಳೆಯ ಉದ್ದೇಶಗಳು ಡಿಕ್ಕಿ ಹೊಡೆದಾಗ ತೂಗುವುದು ಹೇಗೆ ಎಂಬುದಕ್ಕೆ ಶರಾವತಿಯ ಹೊರಗಿನ ಒಂದು ಪ್ರಕರಣವನ್ನು ಪಾಠಕ್ಕೆ ಬಳಸಿಕೊಳ್ಳಬಹುದು. ರಾಜಸ್ಥಾನ ಮತ್ತು ಗುಜರಾತಿನಲ್ಲಿ ಸೌರ ಮತ್ತು ಪವನ ವಿದ್ಯುತ್ ಸಾಗಿಸುವ ತಂತಿಗಳಿಗೆ ಡಿಕ್ಕಿ ಹೊಡೆದು, ಅಳಿವಿನಂಚಿನ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಳು ಸಾಯುತ್ತಿದ್ದವು. ತಂತಿಗಳನ್ನು ನೆಲದಡಿ ಹಾಕಬೇಕೆಂದು 2021ರಲ್ಲಿ ವಿಶಾಲ ಪ್ರದೇಶಕ್ಕೆ ಆದೇಶ ಕೊಟ್ಟಿದ್ದ ಸುಪ್ರೀಂ ಕೋರ್ಟ್, 2024ರ ಮಾರ್ಚ್ 21ರ ತೀರ್ಪಿನಲ್ಲಿ ಅದನ್ನು ಮಾರ್ಪಡಿಸಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಅಡಕವಾಗಿದೆ ಎಂದು ಅದೇ ತೀರ್ಪು ಹೇಳಿತು. ಗಮನಿಸಬೇಕಾದದ್ದೇನೆಂದರೆ, ಇಷ್ಟು ದೊಡ್ಡ ಹಕ್ಕನ್ನು ಎತ್ತಿಹಿಡಿದ ನ್ಯಾಯಾಲಯವೂ ಆ ಹಕ್ಕಿನಿಂದಲೇ ಯಾವ ತಂತಿ ಎಲ್ಲಿ ಹೋಗಬೇಕು ಎಂದು ತೀರ್ಮಾನಿಸಲಿಲ್ಲ. ಜಾಗ ಜಾಗವಾಗಿ ಪರಿಶೀಲಿಸಲು ತಜ್ಞರ ಸಮಿತಿ ನೇಮಿಸಿತು. ತತ್ವ ಎಷ್ಟೇ ಎತ್ತರದ್ದಾದರೂ ಪ್ರಕರಣಕ್ಕೆ ಇಳಿಸುವ ಕೆಲಸ ಬೇರೆಯಾಗಿ ಉಳಿಯುತ್ತದೆ.

ತರಗತಿಯಲ್ಲಿ ಹೀಗೆ ಮಾಡಿಸಿ ನೋಡಿ. ಪರ ವಹಿಸುವ ವಿದ್ಯಾರ್ಥಿ ಮೊದಲು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು ಬರೆಯಲಿ. ಅದನ್ನು ಓದಿದ ಎದುರಾಳಿ ಹೌದು, ನಾನು ಹೇಳುವುದು ಇದನ್ನೇ ಎಂದು ಒಪ್ಪುವವರೆಗೂ ತಿದ್ದಲಿ. ನಮ್ಮ ಶಾಸ್ತ್ರಗ್ರಂಥಗಳು ಸಿದ್ಧಾಂತಕ್ಕೆ ಮೊದಲು ಪೂರ್ವಪಕ್ಷವನ್ನು ನಿಲ್ಲಿಸುತ್ತಿದ್ದವು, ಮತ್ತು ಈ ಒಂದು ಶಿಸ್ತು ಇದ್ದರೆ ಇಂದಿನ ಅಭಿಪ್ರಾಯ ಪುಟಗಳ ಅರ್ಧದಷ್ಟು ಅಬ್ಬರ ತಾನಾಗಿ ಇಳಿಯುತ್ತದೆ. ಆಮೇಲೆ ಲೇಖನದಲ್ಲಿ ತೀರ್ಮಾನಕ್ಕೆ ಹಾರಿದ ಜಾಗವನ್ನು ಗುರುತಿಸಿ, ಅಲ್ಲಿ ಇರಬೇಕಾಗಿದ್ದ ಒಂದೆರಡು ವಾಕ್ಯಗಳನ್ನು ತಾವೇ ಬರೆಯಲು ಹೇಳಿ. ಬರೆಯಲು ಹೊರಟಾಗ ಮಾಹಿತಿ ಸಾಲದು ಎಂಬುದು ಅವರಿಗೇ ಗೊತ್ತಾಗುತ್ತದೆ, ಮತ್ತು ಆ ಮಾಹಿತಿ ಪತ್ರಿಕೆಯಲ್ಲಿ ಸಿಗುವುದಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕಾದ ಯೋಜನೆಗಳಿಗೆ, ಪರಿಣಾಮ ಅಧ್ಯಯನ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲೂ ಕೊಡಬೇಕು ಮತ್ತು ಕರಡು ವರದಿಯನ್ನು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಯಂಥ ಕಡೆ ಜನರು ನೋಡಲು ಇಡಬೇಕು. ಕನ್ನಡದ ಆ ಸಾರಾಂಶವನ್ನು ತರಿಸಿಕೊಂಡು, ನೀರೆತ್ತುವ ವಿದ್ಯುತ್ ಎಲ್ಲಿಂದ, ಬದಲಿ ಜಾಗಗಳನ್ನು ಪರಿಶೀಲಿಸಲಾಗಿದೆಯೇ, ಸುರಂಗದ ಮಣ್ಣನ್ನು ಎಲ್ಲಿ ಸುರಿಯುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಹುಡುಕಲು ಹೇಳಿ. ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಬರೆಯುವುದನ್ನೂ ಕನ್ನಡ ಪಾಠದ ಭಾಗವಾಗಿಯೇ ಕಲಿಸಬಹುದು.